ಕೇಳಿದವರಿಗೆ ಕೊಡತಕ್ಕದ್ದು

ಹೊಸ ಯಂತ್ರ ಕೊಂಡವರು ಪೆಟ್ಟಿಗೆ ಬಿಚ್ಚಿದಾಗ ತಳದಲ್ಲಿ ಮಡಚಿಟ್ಟ ಒಂದು ಕಾಗದ ಸಿಗುತ್ತದೆ. ಅದನ್ನು ಓದಿದವರನ್ನು ನಾವು ಇಂದಿನವರೆಗೂ ಕಂಡಿಲ್ಲ. ಮಕ್ಕಳಿರುವ ಮನೆಯಲ್ಲಿ ಅದು ದೋಣಿಯಾಗುತ್ತದೆ, ಇಲ್ಲದ ಮನೆಯಲ್ಲಿ ಅಲುಗಾಡುವ ಮೇಜಿನ ಕಾಲಿನ ಕೆಳಗೆ ಸೇರುತ್ತದೆ. ಆದರೂ ಅದನ್ನು ಯಾರೋ ಒಬ್ಬರು ಕೂತು ಬರೆದಿರುತ್ತಾರೆ. ಅಲ್ಪವಿರಾಮ ಎಲ್ಲಿ ಬರಬೇಕೆಂದು ಕಿಟಕಿಯಾಚೆ ನೋಡುತ್ತ ಯೋಚಿಸಿರುತ್ತಾರೆ. ಈ ಕಥೆ ಅಂಥ ಒಬ್ಬನದು.

ಅವನು ಬರೆದದ್ದೆಲ್ಲ ಸಣ್ಣ ಅಕ್ಷರದಲ್ಲೇ ಅಚ್ಚಾಗುತ್ತಿದ್ದುದರಿಂದ ಕಂಪನಿಯಲ್ಲಿ ಅವನನ್ನು ಎಲ್ಲರೂ ಸಣ್ಣಕ್ಷರ ಎನ್ನುತ್ತಿದ್ದರು. ಮೊದಮೊದಲು ಬೇಸರವಾಗುತ್ತಿತ್ತು. ಆಮೇಲೆ ಅಭ್ಯಾಸವಾಯಿತು. ಈಗ ಯಾರಾದರೂ ನಿಜವಾದ ಹೆಸರು ಹಿಡಿದು ಕರೆದರೆ ಹಿಂದೆ ಯಾರಿದ್ದಾರೆಂದು ತಿರುಗಿ ನೋಡುವಷ್ಟರ ಮಟ್ಟಿಗೆ.

ಟೈರ್ ಅಂಗಡಿಯ ಹಿಂದಿನ ಎರಡಂತಸ್ತಿನ ಕಟ್ಟಡದಲ್ಲಿ ಕಂಪನಿ 'ನಿದ್ರಾಮಿತ್ರ' ಎಂಬ ಪೆಟ್ಟಿಗೆ ತಯಾರಿಸುತ್ತಿತ್ತು. ದಿಂಬಿನ ಪಕ್ಕ ಇಟ್ಟು ಗುಂಡಿ ಒತ್ತಿದರೆ ರೈಲು ಹೋಗುವ ಸದ್ದು ಬರುತ್ತದೆ. ನೀವು ಮೇಲಿನ ಬರ್ತಿನಲ್ಲಿ ಮಲಗಿದ್ದೀರಿ ಎಂದುಕೊಂಡು ಕಣ್ಣು ಮುಚ್ಚಬೇಕು. ಪರೀಕ್ಷೆಯ ಕೋಣೆಯಲ್ಲಿ ಈ ಪೆಟ್ಟಿಗೆಗಳು ಸಾಲಾಗಿ ಕೂತು ದಿನವಿಡೀ ಓಡುತ್ತಿದ್ದವು. ಅಲ್ಲಿಗೆ ಸ್ಕ್ರೂಡ್ರೈವರ್ ತರಲು ಹೋದವರು ಬೇಗ ಬರುತ್ತಿರಲಿಲ್ಲ. ಅವರನ್ನು ಕರೆಯಲು ಹೋದವರೂ ಬರುತ್ತಿರಲಿಲ್ಲ. ಊಟದ ನಂತರ ಇಡೀ ಕಟ್ಟಡ ಹಳಿಯ ಮೇಲೆ ತೂಗುತ್ತ ಎಲ್ಲಿಗೋ ಹೊರಟಂತೆ ಇರುತ್ತಿತ್ತು. ಯಜಮಾನರು ಮಾತ್ರ ಎಚ್ಚರವಾಗಿರುತ್ತಿದ್ದರು, ಅದೂ ಸಿಟ್ಟಿನ ಬಲದಿಂದ.

ಅಂಥ ಒಂದು ಮಧ್ಯಾಹ್ನ ಕಂಪನಿಯ ವಕೀಲೆ ಬಂದರು.

"ಸರ್, ನಿಮ್ಮ ಪೆಟ್ಟಿಗೆಯೊಳಗಿನ ಪ್ರೋಗ್ರಾಮ್ ಯಾರು ಬರೆದಿದ್ದು?"

"ನಮ್ಮ ಇಂಜಿನಿಯರು," ಎಂದು ಯಜಮಾನರು ಮೂಲೆಗೆ ಕೈ ತೋರಿಸಿದರು. ಮೂಲೆಯಲ್ಲಿದ್ದ ಇಂಜಿನಿಯರು ತಲೆಯಾಡಿಸಿದ, ಹೌದೆಂದೋ ಅಲ್ಲವೆಂದೋ ತಿಳಿಯುವಂತಿರಲಿಲ್ಲ. ಅವನನ್ನು ಮೌನಿ ಎಂದು ಕರೆಯುತ್ತಿದ್ದುದು ಸುಮ್ಮನೆ ಅಲ್ಲ.

"ಅವರು ಬರೆದಿದ್ದು ಮೇಲಿನ ಒಂದು ಪದರ ಅಷ್ಟೇ. ಕೆಳಗಿರೋದೆಲ್ಲ ಓಪನ್ ಸೋರ್ಸ್. ಯಾರ್ಯಾರೋ ಎಲ್ಲೆಲ್ಲೋ ಕೂತು ಬರೆದು, ಬೇಕಾದವರು ಬಳಸಿಕೊಳ್ಳಲಿ ಅಂತ ಇಟ್ಟಿರೋದು."

"ಪುಕ್ಕಟೆ ತಾನೇ?"

"ಪುಕ್ಕಟೆ. ಆದರೆ ಷರತ್ತಿದೆ."

"ಪುಕ್ಕಟೆಗೂ ಷರತ್ತಾ?"

"ಪುಕ್ಕಟೆಗೇ ಷರತ್ತು ಸರ್. ದುಡ್ಡು ಕೊಟ್ಟಿದ್ದರೆ ಅಲ್ಲಿಗೇ ಮುಗೀತಿತ್ತು." ವಕೀಲೆ ನೀರು ಕುಡಿದು ಮುಂದುವರಿಸಿದರು. "ಬಾವಿ ಊರಿಂದು ಅಂದುಕೊಳ್ಳಿ. ನೀವು ಸೇದಿ ಮಾರಿ, ಯಾರೂ ಬೇಡ ಅನ್ನಲ್ಲ. ಹಗ್ಗ ಮಾತ್ರ ಮನೆಗೆ ಒಯ್ಯಬಾರದು. ಪೆಟ್ಟಿಗೆ ಕೊಂಡವರು ಯಾರೇ ಕೇಳಲಿ, ಅದರೊಳಗೆ ಏನಿದೆಯೋ ಅದೇ ಪ್ರೋಗ್ರಾಮಿನ ಮೂಲ ಬರಹ, ಅಂದ್ರೆ ಸೋರ್ಸ್ ಕೋಡ್, ಕೊಡಬೇಕು. ಕೊಡ್ತೀವಿ ಅಂತ ಮೊದಲೇ ಬರೆದು ತಿಳಿಸಿರಬೇಕು. ನೀವು ಎರಡೂ ಮಾಡಿಲ್ಲ."

"ಮಾಡದಿದ್ದರೆ?"

"ಬಳಸೋ ಹಕ್ಕೇ ಹೋಗುತ್ತೆ. ಅಂಗಡಿಗೆ ಹೋಗಿರೋ ಪೆಟ್ಟಿಗೆ ಎಲ್ಲ ವಾಪಸ್."

ಯಜಮಾನರು ಕುರ್ಚಿಯಲ್ಲಿ ಕೊಂಚ ಕೆಳಗಿಳಿದರು. ವಕೀಲೆ ಒಂದು ಹಾಳೆ ತೆಗೆದು ಸಣ್ಣಕ್ಷರನಿಗೆ ಕೊಟ್ಟರು. "ಇದನ್ನ ನಿಮ್ಮ ಕಾಗದದಲ್ಲಿ ಇದ್ದ ಹಾಗೇ ಹಾಕಿ."

ಹಾಳೆಯಲ್ಲಿ, ಸದರಿ ಸಾಧನದಲ್ಲಿ ಅಡಕವಾಗಿರುವ ತಂತ್ರಾಂಶದ ಸೋರ್ಸ್ ಕೋಡನ್ನು ಕೇಳಿದವರಿಗೆ ಕೊಡತಕ್ಕದ್ದು, ಎಂದಿತ್ತು.

ಸಣ್ಣಕ್ಷರ ಅದನ್ನು ಮೇಜಿನ ಮೇಲಿಟ್ಟುಕೊಂಡು ಮತ್ತೆ ಮತ್ತೆ ಓದಿದ. ಇಷ್ಟು ವರ್ಷ ಅವನು ಬರೆದಿದ್ದೆಲ್ಲ 'ಬೇಡ'ಗಳು. ನೀರು ತಾಗಿಸಬೇಡಿ, ಕೆಳಗೆ ಬೀಳಿಸಬೇಡಿ, ಬಿಚ್ಚಬೇಡಿ, ಬಿಚ್ಚಿದರೆ ನಮ್ಮನ್ನು ಕೇಳಬೇಡಿ. ಅವನ ಕೈಗೆ ಮೊದಲ ಬಾರಿಗೆ ಒಂದು 'ಕೊಡುತ್ತೇವೆ' ಸಿಕ್ಕಿತ್ತು, ಅದೂ ಬಾಗಿಲ ಸಂದಿಯಿಂದ ಮುಖ ಆಚೆ ತಿರುಗಿಸಿಕೊಂಡು ಕೊಟ್ಟಂತೆ ಇತ್ತು. ಅವನಿಗೆ ತಡೆಯಲಾಗಲಿಲ್ಲ. ಪೆನ್ನು ತೆಗೆದು ಬರೆದ:

'ಪ್ರಿಯ ಗ್ರಾಹಕರೇ, ಈ ಪೆಟ್ಟಿಗೆಯೊಳಗೆ ಇರುವುದನ್ನು ನಮಗೆ ಪರಿಚಯವೇ ಇಲ್ಲದ ಎಷ್ಟೋ ಜನ ಬರೆದು ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ. ಆದ್ದರಿಂದ ಇದು ನಿಮ್ಮದೂ ಹೌದು. ಕೇಳಿದರೆ ಸೋರ್ಸ್ ಕೋಡ್ ಕೊಡುತ್ತೇವೆ. ನಿಮ್ಮ ನಿದ್ದೆಗೆ ಒಗ್ಗುವಂತೆ ಬದಲಾಯಿಸಿಕೊಳ್ಳಿ, ಬೇರೆಯವರಿಗೂ ಕೊಡಿ. ಹೇಗೆಂದು ತಿಳಿಯದಿದ್ದರೆ ಸಂಕೋಚ ಬೇಡ, ಒಮ್ಮೆ ಮನೆ ಕಡೆ ಬನ್ನಿ.'

ಕೊನೆಯ ಮಾತಿನ ಬಗ್ಗೆ ಇಲ್ಲಿ ಸ್ವಲ್ಪ ಹೇಳಬೇಕು. ಮನೆ ಕಡೆ ಬನ್ನಿ ಎನ್ನುವುದನ್ನು ನಾವೆಲ್ಲ ಹೇಳುತ್ತೇವೆ, ಬಸ್ ಹತ್ತುವಾಗ, ಮದುವೆಯ ಊಟ ಮುಗಿಸಿ ಕೈ ಒರೆಸಿಕೊಳ್ಳುವಾಗ. ಎದುರಿನವರು ಬರೋಣ ಬರೋಣ ಎನ್ನುತ್ತಾರೆ. ಯಾರೂ ಬರುವುದಿಲ್ಲ. ಸ್ನೇಹ ಬಹುಕಾಲ ಬಾಳುವುದು ಹೀಗೆಯೇ. ಆದರೆ ಆ ಮಾತನ್ನು ಅಚ್ಚು ಹಾಕಿಸಿ ಕೆಳಗೆ ವಿಳಾಸ ಕೊಟ್ಟವರು ಸಣ್ಣಕ್ಷರನಿಗಿಂತ ಮುಂಚೆ ಇದ್ದಂತಿಲ್ಲ. ಕಂಪನಿ ಹೊಸ ಕಟ್ಟಡಕ್ಕೆ ಹೋಗುವುದರಲ್ಲಿತ್ತು, ಅದಕ್ಕಿನ್ನೂ ಬಾಗಿಲ ಸಂಖ್ಯೆ ಬಂದಿರಲಿಲ್ಲ. ಪ್ರೆಸ್ಸಿನವನು ಫೋನಿನಲ್ಲಿ ಅವಸರಿಸುತ್ತಿದ್ದ. ಸದ್ಯಕ್ಕೆ ಇರಲಿ ಎಂದು ಸಣ್ಣಕ್ಷರ ತನ್ನ ಮನೆಯ ವಿಳಾಸ ಹೇಳಿಬಿಟ್ಟ. ಅವಸರ ಒಂದು ಕಾರಣ. ತನ್ನ ಮನೆಯ ಬಾಗಿಲ ಸಂಖ್ಯೆಯನ್ನು ಅಚ್ಚಿನಲ್ಲಿ ನೋಡುವ ಆಸೆ ಇನ್ನೊಂದು. ಅಕ್ಷರವೂ ಈ ಸಲ ದಪ್ಪನೆಯದೇ ಇರಲಿ ಎಂದ.

ಹೊಸ ಕಾಗದವಿಟ್ಟ ಪೆಟ್ಟಿಗೆಗಳು ಅಂಗಡಿಗೆ ಹೋದ ಮೇಲೆ ಒಂದು ಭಾನುವಾರ ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದಾಯಿತು. ಉದ್ದನೆಯ ಮುದುಕರೊಬ್ಬರು ಕಂಕುಳಲ್ಲಿ ನಿದ್ರಾಮಿತ್ರವನ್ನು ಟವಲಿನಲ್ಲಿ ಸುತ್ತಿ ಹಿಡಿದು ನಿಂತಿದ್ದರು. ಇನ್ನೊಂದು ಕೈಯಲ್ಲಿ ಆ ಕಾಗದ.

"ಇದು ಬರೆದೋರು ನೀವೇನಾ?"

ಸಣ್ಣಕ್ಷರ ಆ ಕಾಗದವನ್ನೇ ನೋಡಿದ. "ಓದಿದಿರಾ?"

"ಎರಡು ಸಲ. ಬನ್ನಿ ಅಂದಿದ್ದೀರಿ, ಬಂದೆ."

ಅವರು ರೈಲು ಓಡಿಸಿ ನಿವೃತ್ತರಾದವರು. ಬೆಂಚಿನ ಮೇಲೆ ಕೂತು ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡರು. "ನೋಡಪ್ಪ, ನಿಮ್ಮ ರೈಲು ಹೊರಡುತ್ತೆ, ಹೋಗುತ್ತೆ, ಹೋಗ್ತಾನೇ ಇರುತ್ತೆ. ಒಂದು ನಿಲ್ದಾಣ ಬೇಡವಾ? ಯಾವನು ಓಡಿಸ್ತಿದಾನೆ ಇದನ್ನ? ಸಿಗ್ನಲ್ ನೋಡಿದ್ನೋ ಇಲ್ವೋ ಅಂತ ನಾನು ರಾತ್ರಿಯೆಲ್ಲ ಎದ್ದು ಕೂತಿರ್ತೀನಿ. ನಿವೃತ್ತಿ ಆದ ಮೇಲೂ ಡ್ಯೂಟಿ. ನಂಗೆ ಅದನ್ನ ಒಂದೇ ಒಂದು ಕಡೆ ನಿಲ್ಲಿಸಿ ಕೊಡಿ. ನನ್ನ ಅಳಿಯ ಕಂಪ್ಯೂಟರ್ ಬಲ್ಲ, ಕೋಡ್ ಕೊಟ್ಟರೆ ಅವನೇ ಮಾಡ್ತಾನೆ."

ಸಣ್ಣಕ್ಷರ ಎದೆಯ ಮೇಲೆ ಕೈಯಿಟ್ಟು ಕೊಡುತ್ತೇನೆಂದ. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು, "ರೀ, ಯಾರವರು?"

"ಓದುಗರು."

ಸೋಮವಾರ ಯಜಮಾನರಿಗೆ ಇದನ್ನು ಹೇಳುವಾಗ ಅವನ ಮುಖದಲ್ಲಿ ಬೆಳಕಿತ್ತು. ಯಜಮಾನರ ಮುಖದಲ್ಲಿ ಇರಲಿಲ್ಲ.

"ಇದ್ದ ಹಾಗೇ ಹಾಕಿ ಅಂದರೆ ಕಾವ್ಯ ಬರೆದಿದ್ದೀಯಲ್ಲ. ಇಷ್ಟು ದಿನ ಯಾರಿಗೂ ಗೊತ್ತಿರಲಿಲ್ಲ, ಯಾರೂ ಕೇಳಿರಲಿಲ್ಲ. ಕರೆದವನು ನೀನು, ಸಮಾಧಾನ ಮಾಡೋನೂ ನೀನೇ. ಬಂದೋರಲ್ಲಿ ಒಬ್ಬರು ಬರಿಗೈಲಿ ಹೋಗಿ ದೂರು ಕೊಟ್ಟರೂ ಮಾರಾಟ ನಿಲ್ಲುತ್ತೆ. ಅವತ್ತೇ ನೀನು ಮನೆಗೆ."

"ಮನೆಗೇ ಬರ್ತಿದಾರೆ ಸರ್."

ಯಜಮಾನರು ಮೂಲೆಯ ಕಡೆ ಕೈ ಬೀಸಿದರು. ಮೌನಿ ಕೋಡ್ ತುಂಬಿದ ಒಂದು ಪೆನ್‌ಡ್ರೈವ್ ತಂದು ಮೇಜಿನ ಮೇಲಿಟ್ಟು ಹೋದ. ಸಣ್ಣಕ್ಷರ ಅದನ್ನು ಡ್ರೈವರ್ ಅಜ್ಜನ ಮನೆಗೆ ತಾನೇ ಒಯ್ದು ಕೊಟ್ಟು, ಕುತ್ತಿಗೆಯ ಮೇಲಿನ ಕತ್ತಿ ಇಳಿಯಿತೆಂದು ಹಾಯಾಗಿ ನಡೆದು ಬಂದ.

ಅಷ್ಟರಲ್ಲಿ ಕಾಗದ ಊರು ಸೇರಿತ್ತು. ಎದುರುಮನೆಯ ನಿವೃತ್ತ ಟೀಚರ್ ತಮ್ಮ ಪೆಟ್ಟಿಗೆ ಹಿಡಿದು ಬಂದರು. ರೈಲಿನ ಸದ್ದಿನ ಬಗ್ಗೆ ಅವರಿಗೆ ತಕರಾರಿಲ್ಲ. "ಬೆಳಗಿನ ಜಾವಕ್ಕೆ ಅದು ತಾನಾಗೇ ಆಫ್ ಆಗುತ್ತಲ್ಲ, ಆ ಮೌನ ಕೆನ್ನೆಗೆ ಹೊಡೆದ ಹಾಗಿರುತ್ತಪ್ಪ. ಮೌನ ಹಾಗೆ ಬರಬಾರದು. ತರಗತೀಲಿ ಹೇಗೆ ಬರ್ತಿತ್ತು ಗೊತ್ತಾ? ಮೊದಲು ಮುಂದಿನ ಬೆಂಚು, ಆಮೇಲೆ ನಡುವಿನದು, ಕೊನೆಗೆ ಹಿಂದಿನದು." ಅವರಿಗೆ ಬೇಕಿದ್ದುದು ಹಾಗೆ ಬರುವ ಮೌನ.

ಹೆಂಡತಿಯ ತಮ್ಮ ಸ್ಕೂಟರ್ ನಿಲ್ಲಿಸಿ ಕಾಗದ ಬೀಸುತ್ತ ಬಂದ. "ಭಾವ, ಬೇರೆಯವರಿಗೂ ಕೊಡಿ ಅಂತ ಬರೆದಿದ್ದೀರಿ. ಅಂದ್ರೆ ನಾನೂ ಇದೇ ಪೆಟ್ಟಿಗೆ ಮಾಡಿ ಮಾರಬಹುದಾ?"

"ಷರತ್ತು ಪಾಲಿಸಿದರೆ ಮಾರಬಹುದು ಅಂತ ಕಾಣುತ್ತೆ."

"ಅಕ್ಕ, ನೋಡು, ನಿನ್ನ ಗಂಡ ಇಷ್ಟು ವರ್ಷಕ್ಕೆ ಒಂದು ಉಪಯೋಗದ ಮಾತು ಬರೆದ."

ಬಂದವರು ಪೆಟ್ಟಿಗೆ ಹಚ್ಚಿ ತೊಂದರೆ ತೋರಿಸುತ್ತಿದ್ದರು. ತೋರಿಸುತ್ತ ತೋರಿಸುತ್ತ ಅಲ್ಲೇ ತೂಕಡಿಸುತ್ತಿದ್ದರು. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಇಳಿದು ಗೋಡೆಗೊರಗಿದ ತಲೆಗಳ ಮೇಲೆ ಒಂದೊಂದಾಗಿ ಹಾದು ಹೋಗುತ್ತಿತ್ತು. ಹೆಂಡತಿ ಒಣಗಿದ ಬಟ್ಟೆ ಹೊತ್ತು ಅವರ ಕಾಲುಗಳನ್ನು ದಾಟಿ ಓಡಾಡುತ್ತಿದ್ದಳು.

ಬಾಗಿಲ ಬಳಿಯ ಚಪ್ಪಲಿಯ ರಾಶಿ ನೋಡಿ ವಾರ್ಡಿನ ಅಧಿಕಾರಿ ವಿಚಾರಣೆಗೆ ಬಂದರು. "ಇದು ಅಂಗಡಿಯೋ, ಆಸ್ಪತ್ರೆಯೋ?"

"ಮನೆ," ಎಂದಳು ಹೆಂಡತಿ. "ನನಗೂ ಆಗಾಗ ಅನುಮಾನ ಬರುತ್ತೆ."

"ವಸತಿ ಪ್ರದೇಶದಲ್ಲಿ ವ್ಯವಹಾರ ಮಾಡೋದು ಅಪರಾಧ."

"ಇವರು ಯಾರ ಹತ್ರಾನೂ ಏನೂ ತಗೊಳ್ಳಲ್ಲ ಸಾರ್. ಕೊಡ್ತೀನಿ ಅಂತ ಹೇಳ್ತಾರೆ, ಅದೂ ಕೊಡಲ್ಲ. ಇದನ್ನ ವ್ಯವಹಾರ ಅಂತಾರಾ?"

ಅಧಿಕಾರಿ ಯೋಚಿಸಲು ಬೆಂಚಿನ ತುದಿಯಲ್ಲಿ ಕೂತರು. ಸಂಜೆ ಎದ್ದು, ಮುಖ ತೊಳೆದು, ಮತ್ತೆ ಬರುತ್ತೇನೆಂದು ಹೋದರು. ಅವರ ದನಿಯಲ್ಲಿ ಬೆದರಿಕೆ ಇರಲಿಲ್ಲ.

ಆಗ ಡ್ರೈವರ್ ಅಜ್ಜ ತಿರುಗಿ ಬಂದರು. ಬೆಂಚಿನ ಮೇಲೆ ಕೂರಲಿಲ್ಲ.

"ಅಳಿಯ ನೀವು ಕೊಟ್ಟ ಕೋಡ್ ತುಂಬಿಸಿದ. ಏನಾಯ್ತು ಗೊತ್ತಾ?" ಪೆಟ್ಟಿಗೆಯ ಗುಂಡಿ ಒತ್ತಿದರು. ರೈಲು ಬರಲಿಲ್ಲ. ಒಂದು ನಾಯಿ ಬೊಗಳಿತು. ಸ್ವಲ್ಪ ಬಿಟ್ಟು ಮತ್ತೆ ಬೊಗಳಿತು. ಗೋಡೆಗೊರಗಿದ್ದವರೆಲ್ಲ ಕಣ್ಣು ಬಿಟ್ಟರು.

"ನಾನು ಕೇಳಿದ್ದು ನಿಲ್ದಾಣ. ನೀವು ಕೊಟ್ಟಿದ್ದು ನಾಯಿ. ದಪ್ಪಕ್ಷರದಲ್ಲಿ ಬರೆದಿದ್ದೀರಲ್ಲ ಅಂತ ನಂಬಿದೆ. ಇನ್ನು ಯಾರಿಗೆ ದೂರು ಕೊಡಬೇಕು ಅನ್ನೋದನ್ನೂ ನೀವೇ ಹೇಳಿಬಿಡಿ."

ಅವರ ದನಿ ಏರಿರಲಿಲ್ಲ, ಕಣ್ಣು ಕೆಂಪಾಗಿತ್ತು. ಸಣ್ಣಕ್ಷರನಿಗೆ ಕೆಲಸ ಹೋಗುವ ಭಯಕ್ಕಿಂತ ಮುಂಚೆ ಬೇರೇನೋ ಆಯಿತು. ಒಬ್ಬರು ಓದಿದ್ದರು, ನಂಬಿದ್ದರು, ಅದಕ್ಕೇ ಇನ್ನೂ ನಿದ್ದೆಗೆಟ್ಟಿದ್ದರು. "ಭಾನುವಾರ ಬನ್ನಿ ಅಜ್ಜ. ಅಲ್ಲಿಯವರೆಗೆ ದೂರು ಬೇಡ," ಎಂದ.

ವಕೀಲೆಗೆ ಫೋನ್ ಮಾಡಿದರೆ ಅವರು, "ಪೆಟ್ಟಿಗೇಲಿ ಇರೋದೇ ಕೊಡಬೇಕು ಅಂದಿದ್ದೆ. ಅದರ ಅಣ್ಣನನ್ನೋ ತಮ್ಮನನ್ನೋ ಕೊಟ್ಟರೆ ಆಗಲ್ಲ," ಎಂದರು. ಮೌನಿಯ ಎದುರು ಹೋಗಿ ನಿಂತರೆ ಅವನು ಬಹಳ ಹೊತ್ತು ಪರದೆ ನೋಡಿ, ಆ ವರ್ಷದ ಮೊದಲ ಮಾತಾಡಿದ: "ನಾಯಿ ನಮ್ಮನೇದು."

ಪರೀಕ್ಷೆಗೆಂದು ಅದರ ಸದ್ದು ಹಾಕಿಕೊಂಡಿದ್ದನಂತೆ. ಅಂಗಡಿಗೆ ಹೋದ ಪೆಟ್ಟಿಗೆಗಳಲ್ಲಿದ್ದ ಕೋಡ್ ಯಾವುದೆಂದು ಈಗ ಅವನಿಗೂ ತಿಳಿಯದು. ಕಂಪ್ಯೂಟರಿನಲ್ಲಿ 'ಕೊನೆಯದು' ಎಂದೊಂದಿತ್ತು, 'ನಿಜವಾಗಿ ಕೊನೆಯದು' ಎಂದೊಂದಿತ್ತು, 'ಇದೇ ಕೊನೆಯದು ಮುಟ್ಟಬೇಡಿ' ಎಂದು ಹಲವಿದ್ದವು. ಸಣ್ಣಕ್ಷರ ಅವನನ್ನು ಕಂಪ್ಯೂಟರಿನ ಸಮೇತ ಭಾನುವಾರ ಮನೆಗೆ ಹೊರಡಿಸಿಕೊಂಡು ಬಂದ.

ಆ ಮಧ್ಯಾಹ್ನ ಮೌನಿ ನೆಲದ ಮೇಲೆ ಕೂತು ಒಂದೊಂದೇ ಕೋಡನ್ನು ಪೆಟ್ಟಿಗೆಗೆ ತುಂಬಿಸಿ ಗುಂಡಿ ಒತ್ತುತ್ತ ಹೋದ. ಡ್ರೈವರ್ ಅಜ್ಜ ಕಿವಿಯೊಡ್ಡಿ ತಲೆಯಾಡಿಸುತ್ತ ಹೋದರು. ಒಂದರಲ್ಲಿ ಕಡಲು ಬಂತು. ಒಂದರಲ್ಲಿ ರೈಲು ಹಿಂದುಮುಂದಾಗಿ ಓಡಿತು. ಅಜ್ಜ ಹೌಹಾರಿ ಕಾಲು ನೆಲಕ್ಕೊತ್ತಿದರು. ಇನ್ನೊಂದರಲ್ಲಿ ಏನೂ ಕೇಳಲಿಲ್ಲ. ದೀಪ ಉರಿಯುತ್ತಿತ್ತು, ಯಂತ್ರ ನಡೆಯುತ್ತಿತ್ತು, ಸದ್ದು ಮಾತ್ರ ಇಲ್ಲ. ಎಲ್ಲರೂ ಅದನ್ನು ಕೇಳುತ್ತ ಕೂತರು. ಹೊರಗೆ ಯಾರೋ ಸೈಕಲ್ ತಳ್ಳಿಕೊಂಡು ಹೋದರು, ನಲ್ಲಿಯಿಂದ ಒಂದು ಹನಿ ಬಿತ್ತು.

"ಇದು ನನಗಿರಲಿ," ಎಂದರು ಟೀಚರ್ ಮೆಲ್ಲಗೆ. "ಆಫ್ ಆದರೂ ಗೊತ್ತಾಗಲ್ಲ."

ಬಿಸಿಲು ಗೋಡೆಯ ಅರ್ಧಕ್ಕೆ ಬಂದಾಗ 'ಮುಟ್ಟಬೇಡಿ'ಗಳಲ್ಲಿ ಒಂದನ್ನು ಮುಟ್ಟಿದ್ದಾಯಿತು. ರೈಲು ಹೊರಟಿತು. ಹೋಯಿತು. ಹೋಗುತ್ತಲೇ ಇತ್ತು. ಅಜ್ಜನ ಮೈ ಬಿಗಿಯಾಯಿತು. "ಇದೇ. ಇದೇ ದರಿದ್ರ ರೈಲು."

ಸಣ್ಣಕ್ಷರ ಅದನ್ನು ಪೆನ್‌ಡ್ರೈವಿಗೆ ಹಾಕಿಸಿ ಅಜ್ಜನ ಕೈಗಿಟ್ಟ. ಷರತ್ತು ಅಲ್ಲಿಗೆ ಪೂರೈಸಿತ್ತು. ಯಜಮಾನರಾಗಿದ್ದರೆ ಬಾಗಿಲು ತೋರಿಸುತ್ತಿದ್ದರು. ಆದರೆ ಅಜ್ಜ ಪೆನ್‌ಡ್ರೈವನ್ನು ಜೇಬಿಗಿಳಿಸಿ ಮೌನಿಯ ಪಕ್ಕ ನೆಲಕ್ಕೆ ಕೂತುಬಿಟ್ಟರು. "ಅಳಿಯ ಊರಲ್ಲಿಲ್ಲ. ಹೆಂಗೂ ಬಿಚ್ಚಿಕೊಂಡು ಕೂತಿದ್ದೀಯ. ಬ್ರೇಕ್ ಹಾಕು ನೋಡೋಣ."

ಮೌನಿ ಏನೋ ಒತ್ತಿದ. ರೈಲು ಗಕ್ಕನೆ ನಿಂತಿತು.

"ಅಯ್ಯೋ ಮಾರಾಯ, ಒಳಗೆ ಜನ ಮಲಗಿದಾರೆ. ನಿಧಾನ. ನಿಲ್ಲೋದು ಗೊತ್ತಾಗಬಾರದು, ನಿಂತಿದ್ದು ಮಾತ್ರ ಗೊತ್ತಾಗಬೇಕು."

ಮತ್ತೆ, ಮತ್ತೆ ಮಾಡಿದರು. ಹಳಿಯ ಸದ್ದು ಒಂದರಿಂದೊಂದು ದೂರವಾಗುತ್ತ, ಕೊನೆಯದು ಬಂತೋ ಇಲ್ಲವೋ ಎನ್ನುವಂತೆ ಬಂದು ಹೋಗುವವರೆಗೂ ಮಾಡಿದರು.

"ಈಗ ನಿಲ್ದಾಣದಲ್ಲಿ ಏನಿರುತ್ತೆ?" ಎಂದು ಸಣ್ಣಕ್ಷರ ಕೇಳಿದ.

"ಏನೂ ಇರಬಾರದು," ಎಂದರು ಟೀಚರ್.

"ಸ್ವಲ್ಪ ಇರಬೇಕು ಟೀಚರ್. ಹೊರಗೆ ಒಬ್ಬ ಸುತ್ತಿಗೇಲಿ ಗಾಲಿ ತಟ್ಟಿ ನೋಡ್ತಾ ಹೋಗ್ತಿರ್ತಾನೆ. ಅದು ಕೇಳಿದ್ರೆ, ಯಾರೋ ಒಬ್ಬ ಎದ್ದಿದಾನೆ, ನಾವು ಮಲಗಬಹುದು ಅನ್ನಿಸುತ್ತೆ."

ಸುತ್ತಿಗೆಯ ಸದ್ದಿಗೆ ಎಲ್ಲಿಗೆ ಹೋಗುವುದೆಂದು ಎಲ್ಲರೂ ಮುಖ ಮುಖ ನೋಡಿಕೊಂಡರು. ಒಳಗಿನಿಂದ ಹೆಂಡತಿ ಸೌಟಿನ ಹಿಡಿಯಿಂದ ನೀರಿನ ಕೊಳಾಯಿಯನ್ನು ಒಮ್ಮೆ ತಟ್ಟಿದಳು. ಬಿಟ್ಟು ಇನ್ನೊಮ್ಮೆ ತಟ್ಟಿದಳು.

"ಇಷ್ಟು ಸಾಕಾ ಅಜ್ಜ?"

ಅಜ್ಜ ಆಗಲೇ ನಿದ್ದೆಹೋಗಿದ್ದರು. ಗೋಡೆಗೊರಗಿ, ಬಾಯಿ ಅರ್ಧ ತೆರೆದು, ಡ್ಯೂಟಿ ಇಳಿದವರ ಹಾಗೆ. ಹೆಂಡತಿ ಸೌಟು ಎತ್ತಿ ಹಿಡಿದು ನಿಂತೇ ಇದ್ದಳು. ಸದ್ದು ಹಿಡಿದುಕೊಳ್ಳಲು ಫೋನ್ ಚಾಚಿದ್ದ ಮೌನಿ ಸನ್ನೆ ಮಾಡಿದ, ಇನ್ನೊಮ್ಮೆ.

ದೂರು ಹೋಗಲಿಲ್ಲ, ಮಾರಾಟ ನಿಲ್ಲಲಿಲ್ಲ. ಆದರೂ ಯಜಮಾನರಿಗೆ ಸಮಾಧಾನವಾಗಲಿಲ್ಲ. "ನಮ್ಮ ರೈಲು ನಿಲ್ಲೋದಿಲ್ಲ, ಅದೇ ನಮ್ಮ ಹೆಚ್ಚುಗಾರಿಕೆ," ಎಂದು ಹೊಸ ಪೆಟ್ಟಿಗೆಗೆ ನಿಲ್ದಾಣ ಸೇರಿಸಲು ಒಪ್ಪಲಿಲ್ಲ. ಸಣ್ಣಕ್ಷರನ ಭಾಮೈದ ಅಜ್ಜನ ಪೆಟ್ಟಿಗೆಯ ಕೋಡ್ ಪಡೆದು ನಿಲ್ಲುವ ರೈಲಿನ ಪೆಟ್ಟಿಗೆ ಮಾಡಿ, ಒಳಗೆ ಬೇಕಾದ ಕಾಗದವನ್ನೂ ಇಟ್ಟು ಮಾರಲು ಶುರು ಮಾಡಿದಾಗ ವಕೀಲೆಗೆ ಫೋನ್ ಹೋಯಿತು. "ಮಾರಬಹುದು ಸರ್," ಎಂದರು ವಕೀಲೆ, "ನಿಮಗಿಂತ ಅವರದೇ ಕಾಗದ ಸರಿಯಾಗಿದೆ."

ಆ ಸಿಟ್ಟೆಲ್ಲ ಸಣ್ಣಕ್ಷರನ ಕಡೆ ತಿರುಗಿತು. ಯಜಮಾನರು ಅವನನ್ನು ಕರೆದು ಕೂರಿಸದೆ ಹೇಳಿದರು: "ಇನ್ನು ಮೇಲೆ ಕಾಗದದಲ್ಲಿ ವಕೀಲರು ಬರೆದಿದ್ದು ಮಾತ್ರ. ವಿಳಾಸ ಆಫೀಸಿಂದು. ಅಕ್ಷರ ಸಣ್ಣದು. ಕೇಳೋಕೆ ಬಂದವರನ್ನ ಮನೆ ಒಳಗೆ ಬಿಟ್ಟೆ ಅಂತ ಗೊತ್ತಾದರೆ ಕೆಲಸ ಇಲ್ಲ. ಒಪ್ಪಿಗೆಯಾ?"

ಮನೆಯ ಬಾಡಿಗೆ ನೆನೆದು ಅವನು ಒಪ್ಪಿಗೆ ಎಂದ.

ಮುಂದಿನ ಭಾನುವಾರ ಮನೆ ಬಹಳ ದೊಡ್ಡದಾಗಿ ಕಂಡಿತು. ಸಣ್ಣಕ್ಷರ ಬೆಂಚಿನ ಮೇಲೆ ಮಲಗಿ ನೋಡಿದ, ನೆಲದ ಮೇಲೆ ಮಲಗಿ ನೋಡಿದ. ಬಿಸಿಲು ಹಾದು ಹೋಗಲು ತಲೆಗಳಿಲ್ಲದೆ ಗೋಡೆಯನ್ನು ಬೇಗ ಬೇಗ ದಾಟುತ್ತಿತ್ತು. ಹೆಂಡತಿ ಅಡ್ಡವೇನೂ ಇಲ್ಲದ ಕಡೆಯಲ್ಲೂ ಕಾಲೆತ್ತಿ ದಾಟಿ ಹೋದಳು, ಅಭ್ಯಾಸ.

ಬಾಗಿಲು ತಟ್ಟಿದ ಸದ್ದಾಯಿತು. ಹೆಂಡತಿ ತೆರೆದು ಡ್ರೈವರ್ ಅಜ್ಜನನ್ನು ನೋಡಿ ಸಂಕಟದಿಂದ ಹೇಳಿದಳು, "ಏನಾದರೂ ಕೇಳೋದಿದ್ದರೆ ಇನ್ಮೇಲೆ ಆಫೀಸಿಗೆ ಹೋಗಬೇಕಂತೆ ಅಜ್ಜ. ಇಲ್ಲಿ ಬಿಟ್ಟುಕೊಂಡರೆ ಇವರ ಕೆಲಸ ಹೋಗುತ್ತೆ."

"ನಾನೇನೂ ಕೇಳೋಕೆ ಬಂದಿಲ್ಲಮ್ಮ."

ಸಣ್ಣಕ್ಷರ ಎದ್ದು ಕೂತ. ಯಜಮಾನರ ವಾಕ್ಯವನ್ನು ಮನಸ್ಸಿನಲ್ಲಿ ತಿರುವಿ ನೋಡಿದ. ಕೇಳಲು ಬಂದವರ ಬಗ್ಗೆ ಅದು ಸ್ಪಷ್ಟವಾಗಿತ್ತು. ಕೇಳದೆ ಬಂದವರ ಬಗ್ಗೆ ಮೌನವಾಗಿತ್ತು. ಅಂಥ ಮೌನದೊಳಗೆ ಎಷ್ಟು ಜಾಗವಿರುತ್ತದೆ ಎಂದು ವೃತ್ತಿಯಿಂದ ಬಲ್ಲವನು ಅವನು. "ಬನ್ನಿ ಅಜ್ಜ," ಎಂದ.

ಸ್ವಲ್ಪ ಹೊತ್ತಿಗೆ ಟೀಚರ್ ಹೊಸ್ತಿಲಲ್ಲಿ ನಿಂತು, "ನಾನೂ ಏನೂ ಕೇಳಲ್ಲಪ್ಪ," ಎಂದು ಸ್ಪಷ್ಟವಾಗಿ ಹೇಳಿ ಒಳಗೆ ಬಂದರು. ವಾರ್ಡಿನ ಅಧಿಕಾರಿ, "ವಿಚಾರಣೆ ಅಲ್ಲ," ಎಂದು ಬಂದರು. ಮೌನಿ ಬಂದ. ಅವನು ಏನೂ ಹೇಳಲಿಲ್ಲ, ಅವನಿಂದ ಯಾರೂ ನಿರೀಕ್ಷಿಸಲೂ ಇಲ್ಲ. ಹೆಂಡತಿ ಚಹಾ ಕೊಟ್ಟಳು. ಅಜ್ಜನ ಪೆಟ್ಟಿಗೆ ಮೂಲೆಯಲ್ಲಿ ಹೊರಟಿತ್ತು, ಕಣ್ಣುಗಳು ಮುಚ್ಚುತ್ತಿದ್ದವು.

ಆಗ ಮತ್ತೆ ಬಾಗಿಲ ಸದ್ದಾಯಿತು. ಸಣ್ಣಕ್ಷರ ಹೋಗಿ ತೆರೆದ. ಯಜಮಾನರು ನಿಂತಿದ್ದರು. ಅವನ ಭುಜದ ಮೇಲಿಂದ ಒಳಗೆ ನೋಡಿದರು: ಬೆಂಚು, ನೆಲ, ಗೋಡೆ, ತಲೆಗಳು. ಸಣ್ಣಕ್ಷರ ಬಾಗಿಲ ಚಿಲಕ ಹಿಡಿದುಕೊಂಡ.

ಯಜಮಾನರ ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು. ಕಂಕುಳಲ್ಲಿ ಅವರದೇ ಕಂಪನಿಯ ಪೆಟ್ಟಿಗೆಯಿತ್ತು, ಟವಲಿನಲ್ಲಿ ಸುತ್ತಿದ್ದು. ಒಳಗೆ ಹಳಿಯ ಸದ್ದು ಒಂದರಿಂದೊಂದು ದೂರವಾಗುತ್ತ ಬಂದು ನಿಂತಿತು. ಎಲ್ಲೋ ಯಾರೋ ಗಾಲಿ ತಟ್ಟಿದರು. ಯಜಮಾನರು ಅದನ್ನು ಕೊನೆಯವರೆಗೂ ಕೇಳಿದರು.

"ನಾನು ಏನೂ ಕೇಳೋಕೆ ಬಂದಿಲ್ಲ," ಎಂದರು, ಎತ್ತಲೋ ನೋಡುತ್ತ.

ಬೆಂಚಿನ ಮೇಲೆ ಡ್ರೈವರ್ ಅಜ್ಜ ಕಣ್ಣು ಬಿಡದೆಯೇ ಪಕ್ಕದವರ ತೊಡೆ ತಟ್ಟಿದರು.

"ಸ್ವಲ್ಪ ಸರೀರಿ. ಇವರೂ ಹತ್ತಿಕೊಳ್ಳಲಿ."